ಗ್ರಾಂ ನೋಡಿ ಮೋಸ ಹೋಗ್ಬೇಡಿ: ನಿಮ್ಮದೇ ಡಿಸೈನಿನ ಕ್ರೋಶಾ ಸ್ಕಾರ್ಫ್

ಮನೆ ಬಾಗಿಲಿಗೆ ಉಲ್ಲನ್ ತೋರಣ ಹಾಕಿ ಗೊತ್ತಿರೋರಿಗೆ ಸ್ಕಾರ್ಫ್ ಹಾಕೋದೇನು ದೊಡ್ಡ ವಿಷ್ಯ ಅಲ್ಲ. ತಲೆನೋವು ಎಲ್ಲಿ ಅಂದ್ರೆ, ಫೋನಲ್ಲಿ ಒಂದು ಚೆಂದದ ಪ್ಯಾಟರ್ನ್ ಸಿಗತ್ತೆ, ಅದ್ರಲ್ಲಿ ಮೆರಿನೋ ಉಣ್ಣೆ ಅಂತ ಬರ್ದಿರತ್ತೆ, ನಮ್ಮೂರ ಅಂಗಡೀಲಿ ಅದಿರಲ್ಲ, ಇದ್ರೂ ರೇಟ್ ಕೇಳಿ ಸುಮ್ನೆ ವಾಪಸ್ ಬರ್ತೀವಿ. ಆಮೇಲೆ ಕೈಗೆ ಸಿಕ್ಕಿದ ದಾರದಲ್ಲಿ ಶುರು ಮಾಡೋದು.

ನಾನೂ ಹಂಗೇ ಮಾಡಿದ್ದೆ. ಅಕ್ಕಂಗೆ ಅಂತ ಉಣ್ಣೆ ಪ್ಯಾಟರ್ನನ್ನ ಕಾಟನ್‌ನಲ್ಲಿ ಹಾಕ್ದೆ. ಪ್ಯಾಟರ್ನಲ್ಲಿ 200 ಗ್ರಾಂ ಅಂತಿತ್ತು, ನಾನೂ ಲೆಕ್ಕ ಹಾಕಿ 200 ಗ್ರಾಂ ತಂದೆ, ಇನ್ನೂ ಒಂದು ಗೇಣು ಬಾಕಿ ಇರುವಾಗ್ಲೇ ದಾರ ಖಾಲಿ. ಅಂಗಡಿಗೆ ಓಡಿದ್ರೆ ಬಣ್ಣದ ನಂಬರ್ ಅದೇ, ಡೈ ಲಾಟ್ (ಒಟ್ಟಿಗೆ ಒಂದೇ ಸಲ ಬಣ್ಣ ಹಾಕಿದ ಕಂತು) ಬೇರೆ, ಹಾಗಾಗಿ ಕೊನೇ ಗೇಣು ಮಾತ್ರ ಒಂಚೂರು ಹಳದಿ ಹೊಡೀತಿತ್ತು. ಸಾಲದ್ದಕ್ಕೆ ಅಕ್ಕ ಒಂದು ವಾರ ಹಾಕ್ಕೊಂಡು ಓಡಾಡಿದ್ಮೇಲೆ ಸೊಂಟದವರೆಗಿದ್ದದ್ದು ಮಂಡಿಗೆ ಬಂದಿತ್ತು.

ತಪ್ಪು ಎಲ್ಲಾಯ್ತು ಅಂದ್ರೆ ನಾನು ಗ್ರಾಂ ನೋಡಿದ್ದೆ, ಮೀಟರ್ ನೋಡಿರ್ಲಿಲ್ಲ. ಒಂದೇ ದಪ್ಪದ ದಾರ ಆದ್ರೂ ಕಾಟನ್ ತೂಕ ಜಾಸ್ತಿ, ಅದಕ್ಕೆ 100 ಗ್ರಾಂನಲ್ಲಿ ಉದ್ದ ಕಮ್ಮಿ ಬರತ್ತೆ. ಉಣ್ಣೆಗೆ ಎಳೆದ್ರೆ ವಾಪಸ್ ಬರೋ ಗುಣ ಇದೆ, ಕಾಟನ್‌ಗೆ ಅಷ್ಟಿಲ್ಲ, ತನ್ನ ಭಾರಕ್ಕೆ ತಾನೇ ಇಳಿಯತ್ತೆ.

ಈಗ ಕೆಲ್ಸಕ್ಕೆ ಬರೋಣ. ಮೊದ್ಲು ಒಂದು ಸ್ಯಾಂಪಲ್ ಚೌಕ ಹಾಕಿ. ಇದನ್ನ ಬಿಟ್ಟು ಮುಂದೆ ಹೋಗೋರೇ ಜಾಸ್ತಿ, ನನಗೂ ಬೇಜಾರೇ, ಆದ್ರೂ ಹಾಕಿ. ನಾನಿಲ್ಲಿ ಶೆಲ್ ಡಿಸೈನ್, ಅಂದ್ರೆ ಬೀಸಣಿಗೆ ಥರ ಅರಳೋ ಡಿಸೈನ್ ಹೇಳ್ತೀನಿ, ಅದಕ್ಕೆ ಚೈನ್ 6ರ ಮಗ್ಗಿಯಲ್ಲಿ ಇರ್ಬೇಕು, ಮೇಲೆ 1, ತಿರುಗೋಕೆ ಇನ್ನೊಂದು. ಸ್ಯಾಂಪಲ್‌ಗೆ 4 ಶೆಲ್ ಸಾಕು, ಅಂದ್ರೆ 26 ಚೈನ್. ಡಿಕೆ (ಡಬಲ್ ನಿಟಿಂಗ್ ಅನ್ನೋ ಸಾಧಾರಣ ದಪ್ಪ) ದಾರಕ್ಕೆ ಸಾಮಾನ್ಯವಾಗಿ 4 ಎಂಎಂ ಕಡ್ಡಿ ಹಿಡೀತಾರೆ, ಸ್ಕಾರ್ಫ್ ಕುತ್ತಿಗೆಗೆ ಮೆತ್ತಗೆ ಬೀಳ್ಬೇಕಲ್ಲ, ಅದಕ್ಕೆ ನಾನು 5 ಎಂಎಂ ತಗೋತೀನಿ.

ಕಡ್ಡಿಯಿಂದ 2ನೇ ಚೈನ್‌ಗೆ ಒಂದು ಸಿಂಗಲ್ ಕ್ರೋಶಾ (ಗಿಡ್ಡ ಹೆಣಿಗೆ), 2 ಚೈನ್ ಬಿಟ್ಟು ಮುಂದಿನದ್ರಲ್ಲಿ 5 ಡಬಲ್ ಕ್ರೋಶಾ (ಅದಕ್ಕಿಂತ ಎತ್ತರದ ಹೆಣಿಗೆ), ಮತ್ತೆ 2 ಬಿಟ್ಟು ಒಂದು ಸಿಂಗಲ್, ಹೀಗೇ ಕೊನೇತನಕ. ಎರಡನೇ ಸಾಲಿಗೆ 3 ಚೈನ್ ಎತ್ತಿ ಮೊದಲ್ನೇ ಸಿಂಗಲ್ ಮೇಲೇ 2 ಡಬಲ್ ಹಾಕಿ, ಅದು ಅರ್ಧ ಶೆಲ್, ಆಮೇಲೆ ಕೆಳಗಿನ ಶೆಲ್‌ನ ನಡುಮಧ್ಯದ ಡಬಲ್‌ಗೆ ಒಂದು ಸಿಂಗಲ್, ಸಿಂಗಲ್ ಮೇಲೆ 5 ಡಬಲ್, ಕೊನೇ ಸಿಂಗಲ್ ಮೇಲೆ 3 ಡಬಲ್. ಮೂರನೇ ಸಾಲಿಗೆ 1 ಚೈನ್ ಎತ್ತಿ ಮೊದಲ ಡಬಲ್‌ಗೆ ಸಿಂಗಲ್, ಮತ್ತೆ ಸಿಂಗಲ್ ಮೇಲೆ ಶೆಲ್, ಶೆಲ್ ನಡುವೆ ಸಿಂಗಲ್, ಕೊನೇ ಸಿಂಗಲ್ ಹಿಂದಿನ ಸಾಲಿನ 3 ಚೈನ್ ತುದಿಗೆ. ಈ ಎರಡು ಸಾಲನ್ನೇ ಮತ್ತೆ ಮತ್ತೆ ಹಾಕೋದು. ನಾನು ಹೇಳ್ತಿರೋದು ಅಮೆರಿಕದ ಹೆಸರು, ಬ್ರಿಟಿಷ್ ಪ್ಯಾಟರ್ನಲ್ಲಿ ಸಿಂಗಲ್‌ಗೇ ಡಬಲ್ ಅಂತಾರೆ, ಡಬಲ್‌ಗೆ ಟ್ರೆಬಲ್ ಅಂತಾರೆ, ಇದು ಗೊತ್ತಿಲ್ದೆ ಬಿಚ್ಚಿ ಬಿಚ್ಚಿ ಹಾಕಿದೋರು ಬೇಕಾದಷ್ಟು ಜನ ಇದಾರೆ.

ಚೌಕ ಸುಮಾರು 10 ಸೆಂ.ಮೀ ಎತ್ತರ ಆದ್ಮೇಲೆ ನಿಲ್ಸಿ ಒಗೀರಿ, ಕಾಟನ್ ಆದ್ರೆ ಒಂದು ರಾತ್ರಿ ಕ್ಲಿಪ್ ಹಾಕಿ ನೇತಾಡ್ಸಿ, ಎಷ್ಟು ಇಳಿಯತ್ತೆ ಅಂತ ಅಲ್ಲೇ ಗೊತ್ತಾಗತ್ತೆ. ಒಣಗಿದ್ಮೇಲೆ ಅಳೀರಿ. 4 ಶೆಲ್ 16 ಸೆಂ.ಮೀ ಬಂತು ಅಂದ್ಕೊಳ್ಳಿ, ಅಲ್ಲಿಗೆ ಒಂದು ಶೆಲ್ 4 ಸೆಂ.ಮೀ. ಸ್ಕಾರ್ಫ್ 20 ಸೆಂ.ಮೀ ಅಗಲ ಬೇಕಾದ್ರೆ 5 ಶೆಲ್, ಅಂದ್ರೆ 32 ಚೈನ್. ಡಿಸೈನ್ ಮಾಡೋದು ಅಂದ್ರೆ ಇಷ್ಟೇ ರೀ.

ಚೌಕವನ್ನ ಅಡುಗೆಮನೆ ಡಿಜಿಟಲ್ ತಕ್ಕಡೀಲಿ ತೂಗಿ. 16ಕ್ಕೆ 10 ಸೆಂ.ಮೀ ಚೌಕ 7 ಗ್ರಾಂ ಬಂದ್ರೆ, 20ಕ್ಕೆ 160 ಸೆಂ.ಮೀ ಸ್ಕಾರ್ಫ್ ಅದರ 20 ಪಟ್ಟು, 140 ಗ್ರಾಂ. ಕೈತಪ್ಪಿಗೆ ಅಂತ ಹತ್ತನೇ ಒಂದು ಭಾಗ ಸೇರ್ಸಿ 155 ಇಟ್ಕೊಳ್ಳಿ. ಲೇಬಲ್ ಮೇಲೆ 100 ಗ್ರಾಂಗೆ 250 ಮೀಟರ್ ಅಂತಿದ್ರೆ ನಿಮಗೆ ಬೇಕಿರೋದು ಸುಮಾರು 390 ಮೀಟರ್. ಈ ಮೀಟರ್ ಲೆಕ್ಕ ಹಿಡ್ಕೊಂಡು ಬದಲಿ ದಾರ ಹುಡುಕಿ. ಕಾಟನ್ ಉಂಡೆ 50 ಗ್ರಾಂಗೆ 105 ಮೀಟರ್ ಅಂದ್ರೆ 4 ಉಂಡೆ ಬೇಕು, ನಾಲ್ಕೂ ಒಂದೇ ಲಾಟ್‌ದು ತಗೊಳ್ಳಿ. ದಾರ ಬದಲಾದ್ರೆ ಚೌಕನೂ ಹೊಸದಾಗಿ ಹಾಕ್ಬೇಕು, ಅದ್ರಲ್ಲಿ ರಿಯಾಯಿತಿ ಇಲ್ಲ.

ದಪ್ಪ ನೋಡೋಕೆ ಪ್ಲೈ ನಂಬರ್ ನಂಬ್ಬೇಡಿ, ಅದು ಎಷ್ಟು ಎಳೆ ಸೇರ್ಸಿ ಹೊಸೆದಿದಾರೆ ಅನ್ನೋದು ಮಾತ್ರ ಆಗಿರ್ಬಹುದು, 4 ತೆಳು ಎಳೆನೂ 4 ಪ್ಲೈನೇ, 4 ದಪ್ಪ ಎಳೆನೂ 4 ಪ್ಲೈನೇ. ಸ್ಕೇಲ್‌ಗೆ ಸ್ಯಾಂಪಲ್ ಹಾಕಿದ ದಾರ, ಬದಲಿ ದಾರ ಎರಡನ್ನೂ ಒಂದೊಂದು ಇಂಚು ಪಕ್ಕಪಕ್ಕ ಸುತ್ತಿ, ಎಳೀಬೇಡಿ, ಸುತ್ತಿನ ಲೆಕ್ಕ ಒಂದೇ ಬಂದ್ರೆ ದಪ್ಪ ಒಂದೇ. ತೆಳು ಇದ್ರೆ ಎರಡೆಳೆ ಜೋಡ್ಸಿ ಹಾಕ್ಬಹುದು, ಆಗ ಮೀಟರ್ ಡಬಲ್ ಬೇಕು ಅನ್ನೋದು ಮರೀಬೇಡಿ.

ಚಿಕ್ಕಪೇಟೆ ಕಡೆ ಲೇಬಲ್ ಇಲ್ಲದ ಲಡಿ ತಂದಿದ್ರೆ ಒಂದು ತುಂಡನ್ನ ಚಿಮಟದಲ್ಲಿ ಹಿಡಿದು ಸಿಂಕ್ ಮೇಲೆ ಹುಷಾರಾಗಿ ಸುಡಿ. ಕೂದ್ಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದ್ರೆ ಉಣ್ಣೆ, ಕಾಗದ ಸುಟ್ಟಂಗಿದ್ರೆ ಕಾಟನ್, ಕರಗಿ ಗಟ್ಟಿ ಮಣಿ ಥರ ಆದ್ರೆ ಅಕ್ರಿಲಿಕ್. ಮಿಕ್ಸ್ ದಾರ ಇದ್ರೆ ಗೊಂದಲ ಆಗತ್ತೆ.

ಯಾವುದು ಒಳ್ಳೇದು ಅಂತೀರಾ? ನನ್ನ ಕೇಳಿದ್ರೆ ಬೆಂಗಳೂರಿನ ಡಿಸೆಂಬರ್‌ಗೆ ಅಕ್ರಿಲಿಕ್ ಸಾಕು, ಹಗುರ, ಅಗ್ಗ, ಚುಚ್ಚಲ್ಲ, ಆದ್ರೆ ಬಿಸಿ ಇಸ್ತ್ರಿ ಮುಟ್ಟಿಸಿದ್ರೆ ಶೆಲ್ ಎಲ್ಲಾ ಚಪ್ಪಟೆ, ಮತ್ತೆ ಎದ್ದೇಳಲ್ಲ. ನಿಜವಾದ ಚಳಿ ಊರಿಗೆ ಹೋಗೋರಿಗೆ ಉಣ್ಣೆನೇ, ತಣ್ಣೀರಲ್ಲಿ ನೆನೆಸಿ ಉಜ್ಜದೆ ಹಿಂಡದೆ ಟವೆಲ್‌ನಲ್ಲಿ ಸುತ್ತಿ ನೀರು ತೆಗೀಬೇಕು, ಬಿಸಿನೀರಲ್ಲಿ ಉಜ್ಜಿದ್ರೆ ಕಂಬಳಿ ಥರ ಗಟ್ಟಿಯಾಗತ್ತೆ. ಕಾಟನ್ನೇ ಬೇಕು ಅನ್ನೋರು 160ರ ಬದ್ಲು 140 ಸೆಂ.ಮೀಗೆ ನಿಲ್ಸಿ, ಉಳಿದದ್ದನ್ನ ಅದೇ ಇಳ್ಕೊಂಡು ಪೂರ್ತಿ ಮಾಡ್ಕೊಳತ್ತೆ.