ಡ್ಯೂಟಿ ಮಧ್ಯೆ ಇನ್ನೊಂದು ಬ್ರಾಂಚಿಗೆ: ನಕ್ಕವರ ಮುಂದೆ ನನ್ನ ಸ್ಲಿಪ್ ಗೆದ್ದಿತು

ಡಯಾಲಿಸಿಸ್‌ಗೆ ಜನ ಸಾಲದಿದ್ದಾಗ ಶಿಫ್ಟ್ ಮಧ್ಯೆಯೇ ಸಿಸ್ಟರನ್ನು ಇನ್ನೊಂದು ಬ್ರಾಂಚಿಗೆ ಓಡಿಸುವುದು ಬೆಂಗಳೂರಿನಲ್ಲಿ ನಮಗೆಲ್ಲ ಮಾಮೂಲು. ಸಿಲ್ಕ್ ಬೋರ್ಡ್ ಹತ್ತಿರ ಗಾಡಿ ಬಿದ್ದರೆ ಯಾರು ಹೊಣೆ? ನಾನು ಇನ್‌ಚಾರ್ಜ್ ಆದಾಗ ಎಚ್‌ಆರ್ ಹೇಳಿದ್ದಿಷ್ಟೇ: "ಗೇಟ್ ದಾಟಿದ ಮೇಲೆ ನಿಮ್ಮ ಪಾಡು, ಸಿಸ್ಟರ್."

ಮೊದಲು ಪಂಚಿಂಗ್ ಮಾಡಿಸಿದೆ. ಇಲ್ಲಿ ಔಟ್, ಅಲ್ಲಿ ಇನ್. ತಿಂಗಳ ಕೊನೆಗೆ ನೋಡಿದರೆ ನಡುವಿನ ಒಂದೂವರೆ ಗಂಟೆ ಸಂಬಳದಲ್ಲಿ ಕಟ್. ಹುಡುಗಿಯರು ನನ್ನ ಮೇಲೇ ಹರಿಹಾಯ್ದರು. ಆಮೇಲೆ ವಾಟ್ಸಾಪ್ ಗ್ರೂಪ್. ಮೆಸೇಜ್ ತಾನಾಗಿ ಅಳಿಸಿಹೋಗುವ ಸೆಟ್ಟಿಂಗ್ ಯಾರೋ ಹಾಕಿಟ್ಟಿದ್ದರು. ಬೇಕಾದಾಗ ಒಂದೂ ಇಲ್ಲ.

ಕೊನೆಗೆ ಸ್ಲಿಪ್ ಬರೆಯಲು ಕಾರ್ಬನ್ ಪುಸ್ತಕ ತಂದೆ. ಯಾರು ಹೊರಟರು, ಯಾರು ಕಳಿಸಿದರು, ಹೊರಟ ಹೊತ್ತು, ಗಾಡಿ ನಂಬರ್, ತಲುಪಿದ ಹೊತ್ತು. ಎರಡೂ ಕಡೆ ಇನ್‌ಚಾರ್ಜ್ ಸಹಿ. ಹಾಜರಿಯ ಪಂಚ್ ಮಾತ್ರ ಮುಟ್ಟುವ ಹಾಗಿಲ್ಲ. ಕೊನೇ ಸಾಲಿನಲ್ಲಿ ಏನು ಬರೆಸುತ್ತೇನೆ ಅನ್ನುವುದು ಇಲ್ಲಿ ಬೇಡ, ಎದುರು ಸಿಕ್ಕಾಗ ಕೇಳಿ. "ಇದೇನು ಕಿರಾಣಿ ಅಂಗಡಿ ಬಿಲ್ಲಾ?" ಅಂತ ನಕ್ಕರು.

2023ರ ಮಳೆಗಾಲದಲ್ಲಿ ಹೀಗೇ ಇನ್ನೊಂದು ಬ್ರಾಂಚಿಗೆ ಹೊರಟ ನಮ್ಮ ಹುಡುಗಿಯೊಬ್ಬಳು ಸ್ಕೂಟರ್ ಜಾರಿ ಕೈ ಮುರಿದುಕೊಂಡಳು. ಎಚ್‌ಆರ್ ಸುಮ್ನೆ ಸಿಕ್ ಲೀವ್ ಹಾಕಲು ಹೊರಟಿತ್ತು. ನಾನು ಸ್ಲಿಪ್ ಹಿಡಿದು ಕೂತೆ. ಫಾರಂ 11ರ ಆಕ್ಸಿಡೆಂಟ್ ಬುಕ್ಕಿನಲ್ಲಿ ಬರೆಯಿರಿ, ಇಎಸ್‌ಐಗೆ, ಅಂದರೆ ನೌಕರರ ಸರ್ಕಾರಿ ವಿಮೆಯವರಿಗೆ, ಅಪಘಾತದ ವರದಿ ಫಾರಂ 12 ಕಳಿಸಿ ಅಂದೆ. ಇದು ಬರೀ ಹಠ ಅಲ್ಲ, ದುಡ್ಡಿನ ವಿಷಯ. ಕಾಯಿಲೆ ಅಂದರೆ ಇಎಸ್‌ಐ ಕೊಡುವುದು ಸಂಬಳದ 70 ಪರ್ಸೆಂಟ್, ಅದೂ ವರ್ಷಕ್ಕೆ 91 ದಿನ. ಕೆಲಸದಲ್ಲಾದ ಗಾಯ ಅಂದರೆ 90 ಪರ್ಸೆಂಟ್. ಅವಳ ಹದಿನೆಂಟು ಸಾವಿರಕ್ಕೆ ತಿಂಗಳಿಗೆ ಮೂರೂವರೆ ಸಾವಿರದಷ್ಟು ಜಾಸ್ತಿ. ಇಎಸ್‌ಐನಿಂದ ವಿಚಾರಿಸಲು ಬಂದವರು ಒತ್ತಿ ಕೇಳಿದ್ದು ಒಂದೇ, ಯಾರು ಕಳಿಸಿದ್ದು ಅಂತ. ಸ್ಲಿಪ್ ಇತ್ತಲ್ಲ! ಪಾಸಾಯಿತು. ಈಗ ಎಚ್‌ಆರ್‌ನವರೇ ಪುಸ್ತಕ ಪ್ರಿಂಟ್ ಹಾಕಿಸುತ್ತಾರೆ, ಒಂದಕ್ಕೆ ಅರವತ್ತೋ ಎಪ್ಪತ್ತೋ ರೂಪಾಯಿ.

ಖಾಲಿ ಮರಳುವ ಆಂಬುಲೆನ್ಸ್‌ನಲ್ಲಿ ಕಳಿಸಿಯೂ ನೋಡಿದೆ. ದಾರಿಯಲ್ಲಿ ಕೇಸ್ ಬಂದರೆ ಸಿಸ್ಟರೂ ಅದರ ಹಿಂದೆಯೇ ಹೋಗಬೇಕು, ಅತ್ತ ಡಯಾಲಿಸಿಸ್ ಪೇಷೆಂಟ್ ಕಾಯುತ್ತಿರುತ್ತಾರೆ. ಕೈಬಿಟ್ಟೆ.

ಸ್ಕೂಟರ್ ಗಂಡನ ಹೆಸರಲ್ಲಿದ್ದರೆ ಇನ್ಶೂರೆನ್ಸಿನ 15 ಲಕ್ಷದ ಅಪಘಾತ ಕವರ್ ಹೆಂಡತಿಗೆ ಸಿಗುವುದಿಲ್ಲ. ಅದು ಆರ್‌ಸಿಯಲ್ಲಿ (ಗಾಡಿಯ ನೋಂದಣಿ ಪತ್ರದಲ್ಲಿ) ಹೆಸರಿದ್ದು, ಲೈಸೆನ್ಸ್ ಇಟ್ಟುಕೊಂಡು ಓಡಿಸುವವರಿಗೆ ಮಾತ್ರ. ಹಾಗಾಗಿ ಆರ್‌ಸಿ ಯಾರದ್ದು ಅಂತಲೂ ಕೇಳಿ ಬರೆದುಕೊಳ್ಳುತ್ತೇನೆ.

"ಹೇಗೂ ಹೋಗ್ತಿದ್ದೀಯಲ್ಲಮ್ಮಾ, ಈ ಫೆಂಟನಿಲ್ ಆಂಪೂಲ್ ಮುಟ್ಟಿಸಿಬಿಡು" ಅನ್ನುವವರಿಗೆ ಮಾತ್ರ ನನ್ನದು ಖಡಾಖಂಡಿತ ಇಲ್ಲ. ಅದು ಜೋರಾದ ನೋವು ನಿವಾರಕ, 1985ರ ಎನ್‌ಡಿಪಿಎಸ್ ಅನ್ನುವ ಮಾದಕ ವಸ್ತುಗಳ ಕಾಯ್ದೆಗೆ ಬರುವ ಮದ್ದು. ಕಾಗದವಿಲ್ಲದೆ ಸಿಕ್ಕರೆ ಮೊದಲು ಸಿಕ್ಕಿಹಾಕಿಕೊಳ್ಳುವವಳು ಬ್ಯಾಗ್ ಹಿಡಿದವಳೇ. ಫಾರ್ಮಸಿಯವರೇ ಅವರ ಲೆಕ್ಕದಲ್ಲಿ ಕಳಿಸಿಕೊಳ್ಳಲಿ.