ಕೋವಿ ಕೇಸಿನ ಅಪೀಲು: ನನ್ನ ಅನುಭವ

ಕೊಡಗಿನ ಆಯುಧ ಹಬ್ಬ ಕೈಲ್ ಪೊಳ್ದ್ ಮುಗಿದ ವಾರ, ಜೈಲಿನಲ್ಲಿದ್ದ ಒಬ್ಬನ ತಂಗಿ ಮಡಿಕೇರಿಯ ನನ್ನ ವಕೀಲಿ ಆಫೀಸಿಗೆ ಬಂದಳು. ಬೇಲಿ ಜಗಳದಲ್ಲಿ ಅಣ್ಣ ಪಕ್ಕದ ತೋಟದವನಿಗೆ ಗುಂಡು ಹೊಡೆದಿದ್ದ. ಮನೆ ಶೋಧಿಸಿದಾಗ ಕಾಫಿ ಮೂಟೆಗಳ ಹಿಂದೆ 3 ಕೆಜಿ ಗಾಂಜಾ ಸಿಕ್ಕಿತ್ತು. ಕೊಲೆ ಯತ್ನಕ್ಕೆ 7 ವರ್ಷ, ಗಾಂಜಾಕ್ಕೆ 5 ವರ್ಷ ಶಿಕ್ಷೆ.

“ಜಮ್ಮ ಕೋವಿ ಸಾರ್, ಲೈಸೆನ್ಸೇ ಬೇಡ ಅಲ್ವಾ?” ಎಂದಳು. ಕೊಡವರಿಗೂ ಜಮ್ಮ ಹಿಡುವಳಿದಾರರಿಗೂ ಬೇಡ, ನಿಜ. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳಲು. ಮನುಷ್ಯನ ಮೇಲೆ ಹಾರಿಸಲು ಅಲ್ಲ.

ಸೆಷನ್ಸ್ ತೀರ್ಪಿನ ಮೇಲೆ ಹೈಕೋರ್ಟಿಗೆ ಹೋಗಲು 60 ದಿನ. ಆಗಲೇ 41 ದಿನ ಕಳೆದಿತ್ತು. ಅಪೀಲಿನ ಜೊತೆಗೇ ಶಿಕ್ಷೆ ಅಮಾನತಿನ ಅರ್ಜಿಯನ್ನೂ ಹಾಕಿದೆ. ಗಾಂಜಾ 20 ಕೆಜಿಗಿಂತ ಹೆಚ್ಚಿದ್ದರೆ ಜಾಮೀನು ಬಿಗಿಮಾಡುವ, ಮಾದಕವಸ್ತು (ಎನ್‌ಡಿಪಿಎಸ್) ಕಾಯ್ದೆಯ ಸೆಕ್ಷನ್ 37 ಅಡ್ಡ ಬರುತ್ತಿತ್ತು. ಇಲ್ಲಿ ಬರಲಿಲ್ಲ.

ಆಮೇಲೆ ಕಡತ ಹಿಡಿದು ಕೂತೆ. ಅಪೀಲಿನಲ್ಲಿ ಹೊಸ ಕಥೆ ನಡೆಯುವುದಿಲ್ಲ. ‘ಗುಂಡು ಹೊಡೆದದ್ದು ಅವನಲ್ಲ ಅನ್ನಿ’ ಎಂದು ಮನೆಯವರ ಒತ್ತಾಯ. ಒಳಗೆ ಗೀರುಗಳಿಲ್ಲದ ನಯ ನಳಿಗೆಯ ಕೋವಿಯಲ್ಲಿ ಚರೆ (ತೋಟಾದೊಳಗಿನ ಸಣ್ಣ ಗುಂಡು) ನೋಡಿ ಯಾವ ಕೋವಿಯದೆಂದು ಹೇಳಲಾಗದು, ಸರಿ. ಆದರೆ ಖಾಲಿ ತೋಟಾದ ಮೇಲೆ ಕೋವಿಯ ಪಿನ್ನು ಬಡಿದ ಗುರುತು ಅದೇ ಕೋವಿಗೆ ಸರಿಯಾಗಿ ಕೂತಿತ್ತು. ಆ ವಾದ ಬೇಡ ಎಂದೆ.

ಗಾಯದ ಪ್ರಮಾಣಪತ್ರ ಮೂರನೇ ಸಲ ಓದುವಾಗ ಕಣ್ಣಿಗೆ ಬಿತ್ತು: ಚರೆ ಎಲ್ಲವೂ ಮೊಣಕಾಲಿನ ಕೆಳಗೆ. ಮೂಳೆ ಮುರಿದಿಲ್ಲ. ಸ್ಥಳ ನಕ್ಷೆಯಲ್ಲಿ ದೂರ 25 ಹೆಜ್ಜೆ, ನಡುವೆ ಮರವಿಲ್ಲ. ಎರಡನೇ ನಳಿಗೆಯ ತೋಟಾ ಹಾಗೇ ಇತ್ತು. ಹಬ್ಬದ ತೆಂಗಿನಕಾಯಿ ಪಂದ್ಯದಲ್ಲಿ ಕಾಯಿ ಹಾರಿಸುವವನಿಗೆ ಕೊಲ್ಲುವ ಮನಸ್ಸಿದ್ದರೆ ಕಾಲಿಗೆ ಹೊಡೆಯುತ್ತಾನಾ? ಇದು ಕೊಲೆ ಯತ್ನದ ಸೆಕ್ಷನ್ 307 ಅಲ್ಲ, ಆಯುಧದಿಂದ ಗಾಯ ಮಾಡಿದ 324 ಎಂದು ವಾದಿಸಿದೆ. (ಹಳೆ ಕೇಸು, ಹಿಂದಿನ ದಂಡ ಸಂಹಿತೆ ಐಪಿಸಿ ಕಾಲದ್ದು.)

ಗಾಂಜಾ ವಿಷಯದಲ್ಲಿ ಮಹಜರೇ ಕೈ ಕೊಟ್ಟಿತ್ತು. ಸ್ಯಾಂಪಲ್ ಅನ್ನು ಸ್ಥಳದಲ್ಲೇ ತೆಗೆದಿದ್ದರು. ಅದೇ ಮಾದಕವಸ್ತು ಕಾಯ್ದೆಯ ಸೆಕ್ಷನ್ 52ಎ ಪ್ರಕಾರ ಅದು ಮ್ಯಾಜಿಸ್ಟ್ರೇಟ್ ಎದುರು ಆಗಬೇಕು. 2016ರ ಮೋಹನಲಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಬರೀ ಅದರಿಂದ ಕೇಸ್ ಬೀಳುತ್ತದೆ ಅಂತ ನಾನು ನಂಬುವುದಿಲ್ಲ. ಆದರೆ ಪೊಟ್ಟಣ ವಿಧಿವಿಜ್ಞಾನ ಪ್ರಯೋಗಾಲಯ (ಎಫ್‌ಎಸ್‌ಎಲ್) ತಲುಪಿದ್ದು 38 ದಿನದ ಮೇಲೆ. ಅಷ್ಟು ದಿನ ಎಲ್ಲಿತ್ತು? ವಶಪಡಿಸಿದ ಮಾಲು ಇಡುವ ಠಾಣೆಯ ಮಾಲ್‌ಖಾನಾದ ರಿಜಿಸ್ಟರನ್ನು ಯಾರೂ ಹಾಜರುಪಡಿಸಿರಲಿಲ್ಲ. ಪಾಟಿ ಸವಾಲಿನಲ್ಲಿ ಹಿಂದಿನ ವಕೀಲರು ಸುಮ್ನೆ ಈ ಬಗ್ಗೆ ಒಂದು ಪ್ರಶ್ನೆ ಕೇಳಿದ್ದರು, ಪುಣ್ಯ. ಅದೇ ಒಂದು ಸಾಲಿನ ಉತ್ತರ ನನ್ನ ಕೈ ಹಿಡಿಯಿತು.

ಹೈಕೋರ್ಟಿನಲ್ಲಿ ಗಾಂಜಾ ಆರೋಪ ಬಿದ್ದುಹೋಯಿತು. 307 ಹೋಗಿ 324 ಉಳಿಯಿತು. ಅನುಭವಿಸಿದ ಜೈಲುವಾಸ ಸಾಕು ಎಂದರು ನ್ಯಾಯಮೂರ್ತಿಗಳು, ಗಾಯಾಳುವಿಗೆ ಪರಿಹಾರ ಕೊಡಿಸಿದರು.

ಫೋನ್ ಮಾಡಿ ಹೇಳಿದೆ. ತಂಗಿ ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಕೇಳಿದಳು, “ಕೋವಿ ಯಾವಾಗ ಸಿಗುತ್ತೆ ಸಾರ್?”