ಕೆಲಸ ಬಿಟ್ಟವರ ಸಂಬಳ ಎರಡು ದಿನದಲ್ಲಿ: ನಾವು ಮಾಡಿಕೊಂಡ ದಾರಿ

ನಾನು ಒಂದು ಕಾರ್ಖಾನೆಯ ಪೇರೋಲ್ ನೋಡಿಕೊಳ್ಳುತ್ತೇನೆ. ಕೆಲಸ ಬಿಟ್ಟವರ ಲೆಕ್ಕ ಚುಕ್ತಾ ಮಾಡುವುದೂ ನನ್ನದೇ ಜವಾಬ್ದಾರಿ. "ಫುಲ್ ಅಂಡ್ ಫೈನಲ್ 45 ದಿನಕ್ಕೆ ಬರುತ್ತೆ" ಅನ್ನುವ ಮಾತು ಎಷ್ಟು ಬೇರೂರಿದೆ ಎಂದರೆ, ಅದೇ ಕಾನೂನು ಎಂದು ಕೆಲಸ ಬಿಡುವವರೂ ನಂಬಿರುತ್ತಾರೆ. ಅದು ಬರೀ ರೂಢಿ.

1936ರ ವೇತನ ಪಾವತಿ ಕಾಯ್ದೆಯಲ್ಲೇ, ಮಾಲೀಕರು ಕೆಲಸದಿಂದ ತೆಗೆದರೆ ಎರಡನೇ ಕೆಲಸದ ದಿನದೊಳಗೆ ಸಂಬಳ ಕೊಡಬೇಕು ಎಂದಿತ್ತು. ಆದರೆ ಕೊನೆಕೊನೆಗೆ ಅದು ತಿಂಗಳಿಗೆ 24,000 ರೂಪಾಯಿವರೆಗಿನ ಸಂಬಳದವರಿಗೆ ಮಾತ್ರ ಇತ್ತು. 2025ರ ನವೆಂಬರ್ 21ರಂದು ಆ ಕಾಯ್ದೆಯ ಬದಲಿಗೆ ವೇತನ ಸಂಹಿತೆ ಜಾರಿಗೆ ಬಂತು. ಅದರ 17ನೇ ಸೆಕ್ಷನ್‌ನಲ್ಲಿ ಸಂಬಳದ ಮಿತಿ ಇಲ್ಲ. ತೆಗೆದುಹಾಕಿದವರಿಗೂ, ರಾಜೀನಾಮೆ ಕೊಟ್ಟವರಿಗೂ, ಕಾರ್ಖಾನೆ ಮುಚ್ಚಿ ಕೆಲಸ ಹೋದವರಿಗೂ ಎರಡು ಕೆಲಸದ ದಿನವೇ ಗಡುವು.

"ಎರಡು ದಿನದಲ್ಲಿ ಆಗೋದಿಲ್ಲ" ಎಂದು ಅಕೌಂಟ್ಸ್‌ನವರು ಕೈ ಚೆಲ್ಲಿದರು. ಯಾಕೆ ಆಗೋದಿಲ್ಲ ಎಂದು ಕೂತು ನೋಡಿದಾಗ ಕಾರಣ ಸಿಕ್ಕಿತು. ಸಂಬಳ, ಗ್ರ್ಯಾಚುಟಿ (ಸರ್ವಿಸ್ ವರ್ಷಗಳ ಲೆಕ್ಕದಲ್ಲಿ ಕೊಡುವ ಇಡಿಗಂಟು), ಬೋನಸ್ ಎಲ್ಲವನ್ನೂ ಒಂದೇ ಗಂಟು ಕಟ್ಟುವ ರೂಢಿ ಇತ್ತು. ಒಂದು ತಡವಾದರೆ ಎಲ್ಲವೂ ತಡ. ಕಾನೂನಿನಲ್ಲಿ ಒಂದೊಂದಕ್ಕೂ ಒಂದೊಂದು ಗಡುವು. ಸಂಬಳಕ್ಕೆ ಎರಡು ದಿನ. ಕಾರ್ಖಾನೆಯಲ್ಲಿ ಬಾಕಿ ಉಳಿದ ರಜೆಯ ಹಣಕ್ಕೂ ಅಷ್ಟೇ. ಗ್ರ್ಯಾಚುಟಿಗೆ 30 ದಿನ. ಬೋನಸ್‌ಗೆ ಲೆಕ್ಕದ ವರ್ಷ ಮುಗಿದು ಎಂಟು ತಿಂಗಳು. ಹಾಗಾಗಿ ಬೇರೆ ಬೇರೆಯಾಗಿ ಕೊಟ್ಟರಾಯಿತು, ಅಲ್ವಾ?

ಈಗ ರಾಜೀನಾಮೆ ಪತ್ರ ಬಂದ ದಿನವೇ ಫೈಲ್ ತೆಗೆಯುತ್ತೇನೆ. ನೋಟಿಸ್ ಪೀರಿಯಡ್ ಇರುವುದೇ ಈ ಕೆಲಸಕ್ಕೆ ಎಂದು ನನ್ನ ಭಾವನೆ. ರಜೆ ಎಷ್ಟಿದೆ, ಓಟಿ (ಹೆಚ್ಚುವರಿ ಗಂಟೆಯ ಕೆಲಸ) ಎಷ್ಟು, ಅಡ್ವಾನ್ಸ್ ಬಾಕಿ ಇದೆಯಾ, ಎಲ್ಲ ಬರೆದು ಕೊನೆಯ ವಾರದಲ್ಲಿ ಆ ಹಾಳೆಯನ್ನು ಹೋಗುವವರ ಕೈಗೇ ಕೊಡುತ್ತೇನೆ. ಓಟಿ ಗಂಟೆಗಳು ನಮ್ಮ ರಿಜಿಸ್ಟರ್‌ಗಿಂತ ಅವರಿಗೇ ಚೆನ್ನಾಗಿ ನೆನಪಿರುತ್ತವೆ.

ಜಗಳ ಬರುವುದು ನೋ ಡ್ಯೂಸ್ ಹಾಳೆಯಲ್ಲಿ, ಅಂದರೆ ಹೊರಡುವವರಿಂದ ಏನೂ ಬಾಕಿ ಇಲ್ಲ ಎಂದು ವಿಭಾಗದವರು ಬರೆದುಕೊಡುವ ಹಾಳೆಯಲ್ಲಿ. ಒಬ್ಬ ಆಪರೇಟರ್ ಹೊರಡುವಾಗ ಸ್ಟೋರ್ಸ್‌ನವರು "ವರ್ನಿಯರ್ ಕ್ಯಾಲಿಪರ್ ವಾಪಸ್ ಬಂದಿಲ್ಲ, ಸಂಬಳದಲ್ಲಿ ಹಿಡಿಯಿರಿ" ಎಂದು ಬರೆದಿದ್ದರು. ಯಾರಿಗೆ ಯಾವ ಸಾಮಾನು ಕೊಟ್ಟಿದೆ ಎಂದು ಬರೆಯುವ ಇಶ್ಯೂ ರಿಜಿಸ್ಟರ್ ತರಿಸಿದೆ. ಆ ಸಾಲಿನಲ್ಲಿದ್ದ ಸಹಿ ಅವರದಲ್ಲ, ಇನ್ನೊಂದು ಶಿಫ್ಟಿನವರದು. ಒಂದು ರೂಪಾಯಿಯೂ ಹಿಡಿಯಲಿಲ್ಲ. ಸಾಮಾನು ಆ ವ್ಯಕ್ತಿಯ ಸುಪರ್ದಿಗೇ ಕೊಟ್ಟದ್ದಾಗಿರಬೇಕು, ಅವರ ನಿರ್ಲಕ್ಷ್ಯದಿಂದಲೇ ಹೋಗಿರಬೇಕು, ಕಾರಣ ಹೇಳಲು ಅವಕಾಶವನ್ನೂ ಕೊಟ್ಟಿರಬೇಕು. ಆಮೇಲಷ್ಟೇ ಕಡಿತ. ಅದೂ ಎಲ್ಲ ಕಡಿತ ಸೇರಿ ಸಂಬಳದ ಅರ್ಧ ದಾಟುವಂತಿಲ್ಲ. ಸುಮ್ನೆ ಬಾಯಿಮಾತಿಗೆ ದುಡಿದವರ ಹಣ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ.

ಗ್ರ್ಯಾಚುಟಿಯಲ್ಲಿ ಎಡವುವವರು ಜಾಸ್ತಿ. ಕೊನೆಯ ವೇತನ 26,000, ಸರ್ವಿಸ್ 8 ವರ್ಷ 7 ತಿಂಗಳು ಎಂದುಕೊಳ್ಳಿ. ಆರು ತಿಂಗಳು ದಾಟಿದ್ದರಿಂದ 9 ವರ್ಷ ಎಂದೇ ಲೆಕ್ಕ. ತಿಂಗಳಿಗೆ 26 ಕೆಲಸದ ದಿನ ಎಂದು ವೇತನವನ್ನು 26ರಿಂದ ಭಾಗಿಸಿದರೆ ದಿನಕ್ಕೆ 1,000. ವರ್ಷಕ್ಕೆ 15 ದಿನದಂತೆ ಒಟ್ಟು 1,35,000 ರೂಪಾಯಿ. ಇದನ್ನೇ 30ರಿಂದ ಭಾಗಿಸಿ 1,17,000 ಕೊಟ್ಟು ಕಳಿಸುವವರಿದ್ದಾರೆ. ಕೆಲಸಗಾರನಿಗೆ 18,000 ರೂಪಾಯಿ ಖೋತಾ. ಬೋನಸ್ ಕೂಡ ಮರೆತುಹೋಗುತ್ತದೆ. ಅರ್ಹ ಸಂಬಳದವರು ಆ ವರ್ಷದಲ್ಲಿ 30 ದಿನ ಕೆಲಸ ಮಾಡಿದ್ದರೆ, ಮಧ್ಯದಲ್ಲಿ ಬಿಟ್ಟಿದ್ದರೂ ಬೋನಸ್ ಸಲ್ಲುತ್ತದೆ. ಅಂಥವರ ಹೆಸರು, ಬ್ಯಾಂಕ್ ಖಾತೆ ಎಲ್ಲ ಬೇರೆ ಪಟ್ಟಿಯಲ್ಲಿ ಇಟ್ಟುಕೊಂಡಿದ್ದೇನೆ.

"ಇನ್ನೇನೂ ಬಾಕಿ ಇಲ್ಲ" ಎಂಬ ಕಾಗದಕ್ಕೆ ಹಣ ಖಾತೆಗೆ ಬೀಳುವ ಮೊದಲು ನಾನು ಸಹಿ ಕೇಳುವುದಿಲ್ಲ. ಕೇಳಿದರೆ ನೀವೂ ಹಾಕಬೇಡಿ. ಸಂಬಳದ ಚೀಟಿ, ರಾಜೀನಾಮೆ ಒಪ್ಪಿದ ಇಮೇಲ್ ಜೋಪಾನವಾಗಿಟ್ಟುಕೊಳ್ಳಿ. ಬಾಕಿ ಬರದಿದ್ದರೆ ಸರ್ಕಾರ ನೇಮಿಸಿದ ಅಧಿಕಾರಿಯ ಮುಂದೆ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಬಾಕಿ ಹಣದ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಹಣ ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕರದು.